ಕೈಗೆ ತಕ್ಕ ಕಾವು: ಗಾಲ್ಫ್ ಕೋಲಿನ ಕಥೆ

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದಲ್ಲಿ ಗಾಲ್ಫ್ ಮೈದಾನವಿಲ್ಲ. ತುಂಗಭದ್ರೆಯ ಹಿನ್ನೀರಿನ ಮಗ್ಗುಲಿನ ಈ ಊರಿನವರು ಆ ಆಟವನ್ನು ನೋಡಿದ್ದರೆ ಟಿ.ವಿ.ಯಲ್ಲಿ ನೋಡಿರಬೇಕು, ಅಷ್ಟೆ. ಆದರೆ ಗಾಲ್ಫ್ ಆಡುವವರನ್ನು ವರ್ಷಗಟ್ಟಲೆ ಕಾಡುವ ಒಂದು ಪ್ರಶ್ನೆಗೆ ಈ ಸೀಮೆಯ ಯಾವ ರೈತನಾದರೂ ಯೋಚಿಸದೆ ಉತ್ತರ ಹೇಳಬಲ್ಲ. ಪ್ರಶ್ನೆ ಇದು: ಕಾವು ಹೇಗಿರಬೇಕು?

ಗುದ್ದಲಿಯ ಕಬ್ಬಿಣ ಎಲ್ಲರಿಗೂ ಒಂದೇ. ಕಮ್ಮಾರ ಒಂದೇ ಅಳತೆಗೆ ಹತ್ತು ಬಡಿದಿಟ್ಟರೂ ನಡೆಯುತ್ತದೆ. ಕಾವಿನ ವಿಷಯ ಹಾಗಲ್ಲ. ಅದು ಹಿಡಿಯುವವರ ಎತ್ತರಕ್ಕೆ, ತೋಳಿನ ಕಸುವಿಗೆ, ಅಂಗೈಯ ಅಗಲಕ್ಕೆ ಹೊಂದಬೇಕು. ಕಾವು ಭಾರವಾದರೆ ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ತೀರ ಹಗುರವಾದರೆ ಏಟು ನೆಲಕ್ಕೆ ನಾಟುವುದಿಲ್ಲ. ಬಿರುಸಾದ ಮರವಾದರೆ ಪ್ರತಿ ಏಟಿನ ಅದುರೂ ಮೊಣಕೈಗೆ ಬಂದು ತಾಗುತ್ತದೆ. ಅಣ್ಣನ ಗುದ್ದಲಿ ತಮ್ಮನಿಗೆ ಒಗ್ಗದಿರುವುದಕ್ಕೆ ಕಬ್ಬಿಣ ಕಾರಣವಲ್ಲ, ಕಾವು ಕಾರಣ.

ಗಾಲ್ಫ್ ಕೋಲಿನ ವಿಷಯವೂ ಅಕ್ಷರಶಃ ಇದೇ. ಅದಕ್ಕೆ ಮೂರು ಭಾಗಗಳು. ಕೆಳಗೆ ಚೆಂಡಿಗೆ ತಾಗುವ ತಲೆ, ಮೇಲೆ ಕೈ ಹಿಡಿಯುವ ರಬ್ಬರಿನ ಹಿಡಿ, ಇವೆರಡರ ನಡುವೆ ಉದ್ದನೆಯ ಶಾಫ್ಟ್. ಶಾಫ್ಟ್ ಎಂದರೆ ನಮ್ಮ ಕಾವೇ. (ಇಂಗ್ಲಿಷಿನಲ್ಲಿ ಆ ಕೋಲಿಗೂ ಕ್ಲಬ್ ಎನ್ನುತ್ತಾರೆ, ಅದನ್ನು ಆಡುವ ಸಂಸ್ಥೆಗೂ ಕ್ಲಬ್ ಎನ್ನುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ಕೋಲು ಎಂದೇ ಕರೆಯೋಣ.) ಅಂಗಡಿಯಲ್ಲಿ ಜಾಹೀರಾತು ಪಡೆಯುವುದು ಥಳಥಳಿಸುವ ತಲೆ. ಕೊಳ್ಳುವವರು ಕೈಯಿಂದ ಸವರಿ ನೋಡುವುದೂ ತಲೆಯನ್ನೇ. ಶಾಫ್ಟಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ದುಡ್ಡಿದ್ದವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬೇರೆ ಕೊಳ್ಳುತ್ತಾರೆ. ಪೆಟ್ಟು ಬೀಳುವುದು ಕಡಿಮೆ ದುಡ್ಡಿನಲ್ಲಿ ಆಟ ಕಲಿಯಲು ಹೊರಟವರಿಗೆ.

ಅಂಥವರು ನಮ್ಮಲ್ಲಿ ಇದ್ದಾರೆಯೇ ಎಂದು ಕೇಳಬಹುದು. ಇದ್ದಾರೆ. ಗಾಲ್ಫ್ ಕರ್ನಾಟಕಕ್ಕೆ ಬಂದದ್ದು ಬ್ರಿಟಿಷರೊಂದಿಗೆ, ನಿಜ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಅದಕ್ಕಿಂತ ಹಳೆಯದು 1829ರ ಕಲ್ಕತ್ತೆಯ ಕ್ಲಬ್. ದಂಡಿನ ಅಧಿಕಾರಿಗಳು, ಕೋಲಾರದ ಚಿನ್ನದ ಗಣಿಯ ದೊರೆಗಳು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದವರು, ಮೈಸೂರಿನ ಅರಮನೆಯವರು ಆಡಿದ ಆಟವಿದು. ಆದರೆ ಅವರ ಕೋಲುಗಳ ಚೀಲವನ್ನು ಬೆನ್ನಿಗೆ ಹಾಕಿಕೊಂಡು ನಡೆದವರು ಸುತ್ತಲಿನ ಹಳ್ಳಿ, ಬಡಾವಣೆಗಳ ಬಡ ಹುಡುಗರು. ಇವರೇ ಕ್ಯಾಡಿಗಳು. ಚೀಲ ಹೊರುತ್ತ, ಚೆಂಡು ಹುಡುಕುತ್ತ, ಹೊಡೆತ ನೋಡುತ್ತ ನೋಡುತ್ತ ಕೆಲವರು ಯಜಮಾನರಿಗಿಂತ ಚೆನ್ನಾಗಿ ಆಡಲು ಕಲಿತರು. ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ದೇಶವೇ ಹುಬ್ಬೇರಿಸಿತು. 1993ರಲ್ಲಿ ಅವರು ಮತ್ತೊಮ್ಮೆ ಗೆದ್ದರು. ನಮ್ಮ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆರಂಭಿಸಿದ ಸಿ. ಮುನಿಯಪ್ಪ 2009ರಲ್ಲಿ ಅದೇ ಇಂಡಿಯನ್ ಓಪನ್ ಗೆದ್ದರು. ಬಿಡದಿ ಸಮೀಪದ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಕೂಡ ಹೀಗೆಯೇ ಮೈದಾನದ ಅಂಚಿನಿಂದ ನಡುವಿಗೆ ನಡೆದು ಬಂದವರು.

ಇಂಥ ಹುಡುಗರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಯಾರೋ ಬಿಟ್ಟ ಕೋಲು. ಸದಸ್ಯರೊಬ್ಬರು ಹೊಸದು ಕೊಂಡು ಹಳೆಯದನ್ನು ಕೊಟ್ಟುಬಿಡುತ್ತಾರೆ ಇಲ್ಲವೇ ಅಗ್ಗಕ್ಕೆ ಮಾರುತ್ತಾರೆ. ಕೊಡುವವರ ಮನಸ್ಸು ದೊಡ್ಡದೇ. ಆದರೆ ಆ ಕೋಲು ಆರಡಿ ಎತ್ತರದ, ತೊಂಬತ್ತು ಕಿಲೋ ತೂಕದ ಮನುಷ್ಯನಿಗೆ ಹೊಂದಿದ್ದಾಗಿರಬಹುದು. ಹದಿಮೂರು ವರ್ಷದ ಸಣಕಲು ಹುಡುಗ ಅದನ್ನು ಬೀಸಲು ಹೋಗಿ ಮೈಯನ್ನೇ ತಿರುಚುತ್ತಾನೆ. ಚೆಂಡು ಬಲಕ್ಕೆ ಓಡುತ್ತದೆಂದು ಮಣಿಕಟ್ಟನ್ನು ಎಡಕ್ಕೆ ಹೊರಳಿಸುವ ಚಟ ಹತ್ತುತ್ತದೆ. ಕೋಲಿನ ದೋಷ ಮೈಯ ಅಭ್ಯಾಸವಾಗಿ ಕೂರುತ್ತದೆ. ಮುಂದೆ ಒಳ್ಳೆಯ ಕೋಲು ಸಿಕ್ಕಾಗ ಅದರಲ್ಲಿ ಚೆಂಡು ನೇರ ಹೋಗದೆ, ಹುಡುಗ ತನ್ನನ್ನೇ ಬೈದುಕೊಳ್ಳುತ್ತಾನೆ. ಅಭ್ಯಾಸ ಬಿಡಿಸಲು ಹೊಸದಾಗಿ ಕಲಿಯುವುದಕ್ಕಿಂತ ಹೆಚ್ಚು ಕಾಲ ಬೇಕು. ಆದ್ದರಿಂದ ಶಾಫ್ಟಿನ ಆಯ್ಕೆ ಶ್ರೀಮಂತರ ಶೋಕಿಯಲ್ಲ, ಬಡವನಿಗೇ ಹೆಚ್ಚು ಮುಖ್ಯವಾದ ಸಂಗತಿ.

ಹಿಕರಿಯೂ ತಡಸಲೂ

ಕಾವು ಎಂದು ಕರೆದದ್ದು ಬರೀ ಹೋಲಿಕೆಗಲ್ಲ. ಗಾಲ್ಫ್ ಕೋಲಿನ ಶಾಫ್ಟು ನೂರು ವರ್ಷದ ಹಿಂದಿನವರೆಗೂ ಮರದ ಕಾವೇ ಆಗಿತ್ತು. ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಮೊದಲು ಆ್ಯಷ್, ಹೇಜಲ್ ಮುಂತಾದ ಸ್ಥಳೀಯ ಮರಗಳಿಂದ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಹಿಕರಿ ಮರ ಬಂತು. ಗಟ್ಟಿ, ಬೇಗ ಸೀಳದು, ಬಗ್ಗಿಸಿದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಅಮೆರಿಕದಲ್ಲಿ ಕೊಡಲಿ, ಸುತ್ತಿಗೆಗಳಿಗೂ ಇದೇ ಕಾವು. ಮುಂದೆ ಬೇರೆ ಮರವನ್ನು ಕೇಳುವವರೇ ಇಲ್ಲವಾದರು.

ಹಿಕರಿಯ ಜೊತೆಗೆ ಹೆಸರಿಸಬಹುದಾದ ಮರ ನಮ್ಮ ಕಾಡುಗಳಲ್ಲೂ ಇದೆ ಎಂಬುದು ಸೋಜಿಗದ ಸಂಗತಿ. ಎಲೆ ಉದುರಿಸುವ ಕಾಡುಗಳಲ್ಲಿ ಬೆಳೆಯುವ ತಡಸಲು ಅದು. ದಡಸಲು ಎಂದೂ ಹೇಳುತ್ತಾರೆ, ಹಿಂದಿಯವರಿಗೆ ಅದು ಧಾಮನ್. ಎಳೆ ಉದ್ದ, ಪುಟಿಯುವ ಗುಣ ಹೆಚ್ಚು. ಆಯುಧದ ಕಾವಿಗೂ ಗಾಡಿಯ ಮೂಕಿಗೂ ಹೇಳಿ ಮಾಡಿಸಿದ್ದು. ಬ್ರಿಟಿಷರ ಕಾಲದಲ್ಲಿ ಮರಮುಟ್ಟುಗಳ ಬಗ್ಗೆ ಬರೆದವರು ಇದನ್ನು ಹಿಕರಿಯೊಂದಿಗೆ ಹೋಲಿಸಿದ್ದುಂಟು. ಹಳ್ಳಿಯ ಬಡಿಗ ಕಾವಿಗೆಂದು ಆರಿಸಿದ ಮರವನ್ನೇ ಆಂಗ್ಲ ಅಧಿಕಾರಿ ಆಟದ ಕೋಲಿಗೂ ತಕ್ಕದ್ದೆಂದು ಎಣಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಬ್ಬರೂ ಹುಡುಕುತ್ತಿದ್ದ ಗುಣ ಒಂದೇ.

ಮರದ ಶಾಫ್ಟಿಗೆ ಒಂದು ಕೊರತೆಯಿತ್ತು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದೇ ಮರದ ಎರಡು ತುಂಡುಗಳಲ್ಲೂ ಬಳುಕು ಬೇರೆ. ಕೋಲು ಮಾಡುವವನು ಉಜ್ಜುತ್ತ, ಬಗ್ಗಿಸಿ ನೋಡುತ್ತ, ಮತ್ತೆ ಉಜ್ಜುತ್ತ ಒಂದು ಹದಕ್ಕೆ ತರಬೇಕಿತ್ತು. ಆಟಗಾರನೂ ನೂರಾರು ಕೋಲು ಬೀಸಿ ನೋಡಿ ತನ್ನ ಕೈಗೆ ಒಗ್ಗಿದ್ದನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದ. ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪ್ರಶಸ್ತಿಗಳನ್ನು ಗೆದ್ದದ್ದು ಹೀಗೆ ಕೂಡಿಸಿದ ಹಿಕರಿ ಕೋಲುಗಳಿಂದ. ಎಷ್ಟೋ ವರ್ಷಗಳ ಬಳಿಕ ಆ ಕೋಲುಗಳನ್ನು ಯಂತ್ರದಲ್ಲಿಟ್ಟು ಪರೀಕ್ಷಿಸಿದಾಗ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಶ್ರುತಿಗೆ ಹೊಂದಿದ್ದವಂತೆ. ಹೊಂದದ ಆ ಒಂದು ಕೋಲಿನಿಂದ ತನಗೆ ಸದಾ ತೊಂದರೆಯಾಗುತ್ತಿತ್ತು ಎಂದು ಜೋನ್ಸ್ ಹೇಳಿದರೆಂಬ ಕಥೆ ಗಾಲ್ಫ್ ಲೋಕದಲ್ಲಿ ಬಹಳ ಪ್ರಚಲಿತ. ಕಥೆಗೆ ರೆಕ್ಕೆಪುಕ್ಕ ಸೇರಿರಬಹುದು. ಆದರೆ ಯಂತ್ರ ಹೇಳುವುದನ್ನು ಕೈ ಮೊದಲೇ ಬಲ್ಲದು ಎಂಬುದನ್ನು ನಂಬದಿರಲು ಕಾರಣವಿಲ್ಲ.

ಅಷ್ಟರಲ್ಲಿ ಉಕ್ಕು ಬಂದಿತ್ತು. ಪೊಳ್ಳಾದ ಉಕ್ಕಿನ ಕೊಳವೆಯ ಶಾಫ್ಟಿಗೆ ಆರ್ಥರ್ ನೈಟ್ ಎಂಬ ಅಮೆರಿಕದವರು 1910ರಲ್ಲೇ ಹಕ್ಕುಪತ್ರ ಪಡೆದಿದ್ದರು. ಆದರೆ ಆಟದ ಹಿರಿಯರು ಸುಲಭಕ್ಕೆ ಒಪ್ಪಲಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ 1924ರಲ್ಲಿ ಒಪ್ಪಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಿರಿಯ ಕ್ಲಬ್ 1929ರವರೆಗೂ ಬಿಗಿಯಾಗಿ ಕೂತಿತು. 1931ರಲ್ಲಿ ಬಿಲ್ಲಿ ಬರ್ಕ್ ಉಕ್ಕಿನ ಶಾಫ್ಟಿನಿಂದ ಅಮೆರಿಕದ ಓಪನ್ ಗೆದ್ದ ಮೇಲೆ ಹಿಕರಿಯ ಕಾಲ ಮುಗಿಯಿತು.

ಉಕ್ಕಿನ ಶಾಫ್ಟಿಗೆ ಹೆಸರಾದ ಟ್ರೂ ಟೆಂಪರ್ ಕಂಪೆನಿಯ ಪೂರ್ವಾಶ್ರಮ ನೋಡಿದರೆ ನಮ್ಮ ಹೋಲಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ಮೊದಲ ಹೆಸರು ಅಮೆರಿಕನ್ ಫೋರ್ಕ್ ಅಂಡ್ ಹೋ ಕಂಪೆನಿ. ಹೋ ಎಂದರೆ ಗುದ್ದಲಿಯ ಜಾತಿಯದೇ ಒಂದು ಸಲಕರಣೆ, ಫೋರ್ಕ್ ಎಂದರೆ ಹುಲ್ಲು ಎತ್ತುವ ಕವಲುಗೋಲು. ಹೊಲದ ಸಾಮಾನು ಮಾಡುತ್ತಿದ್ದವರೇ ಗಾಲ್ಫ್ ಕೋಲಿನ ಕಾವಿಗೂ ಕೈ ಹಾಕಿದರು.

ಉಕ್ಕಿನಿಂದ ದೊಡ್ಡ ಅನುಕೂಲವಾದದ್ದು ಸಾಮಾನ್ಯ ಆಟಗಾರನಿಗೆ. ಸಾವಿರ ಕೊಳವೆಗಳನ್ನು ಒಂದೇ ಹದದಲ್ಲಿ ಎಳೆಯಬಹುದು, ಒಡೆದರೆ ಅಂಥದ್ದೇ ಇನ್ನೊಂದು ಸಿಗುತ್ತದೆ, ಬೆಲೆ ಇಳಿಯುತ್ತದೆ. ಮ್ಯಾಷಿ, ನಿಬ್ಲಿಕ್, ಬ್ರ್ಯಾಸಿ ಎಂಬ ಚೆಂದದ ಹೆಸರುಗಳಿದ್ದ ಕೋಲುಗಳಿಗೆ ಆಗ ನಂಬರುಗಳು ಬಂದವು. ಕೆಲವರು ಇಪ್ಪತ್ತೈದು ಮೂವತ್ತು ಕೋಲು ಹೊರಿಸಿಕೊಂಡು ಹೊರಟರು. ಹೊರುವ ಕ್ಯಾಡಿಯ ಬೆನ್ನು ಯಾರಿಗೆ ನೆನಪಾಯಿತೋ ಕಾಣೆ, 1938ರಲ್ಲಿ ಅಮೆರಿಕದಲ್ಲೂ ಮರುವರ್ಷ ಬ್ರಿಟನ್ನಿನಲ್ಲೂ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಕೂಡದೆಂಬ ನಿಯಮ ಬಂತು. ಅದು ಇಂದಿಗೂ ಇದೆ.

ಮೂರನೆಯ ಘಟ್ಟ ಗ್ರಾಫೈಟಿನದು. ವಿಮಾನಗಳಿಗೆಂದು ರೂಪಿಸಿದ ಇಂಗಾಲದ ನೂಲನ್ನು ಗಾಲ್ಫ್ ಶಾಫ್ಟಿಗೆ ತಂದವರಲ್ಲಿ ಮೊದಲಿಗರು ಫ್ರಾಂಕ್ ಥಾಮಸ್. 1969ರಲ್ಲಿ ಅವರು ಶೇಕ್ಸ್‌ಪಿಯರ್ ಎಂಬ ಕ್ರೀಡಾ ಸಾಮಗ್ರಿ ಕಂಪೆನಿಯಲ್ಲಿದ್ದರು. (ಕವಿಗೂ ಕಂಪೆನಿಗೂ ಸಂಬಂಧವಿಲ್ಲ.) ಇಂಗಾಲದ ನೂಲಿನ ತೆಳು ಹಾಳೆಗಳಿಗೆ ಅಂಟು ಹಚ್ಚಿ, ಉಕ್ಕಿನ ಸಲಾಕೆಯ ಸುತ್ತ ಸುತ್ತಿ, ಒಲೆಯಲ್ಲಿ ಬೇಯಿಸಿ, ಸಲಾಕೆಯನ್ನು ಎಳೆದು ತೆಗೆದರೆ ಗ್ರಾಫೈಟ್ ಶಾಫ್ಟ್ ತಯಾರು. ಇದು ಅರ್ಥವಾಗಬೇಕಾದರೆ ಬಿದಿರಿನ ಗಳವನ್ನು ನೆನೆಯಿರಿ. ಒಳಗೆ ಪೊಳ್ಳು, ಉದ್ದಕ್ಕೂ ನಾರು, ನಾರುಗಳನ್ನು ಹಿಡಿದಿಡುವ ತಿರುಳು, ಹೊರ ಮೈಯತ್ತ ಹೋದಂತೆ ನಾರು ದಟ್ಟ. ಮನುಷ್ಯ ಕಾರ್ಖಾನೆಯಲ್ಲಿ ಮಾಡಿದ್ದನ್ನು ಪ್ರಕೃತಿ ನಮ್ಮ ಹಿತ್ತಿಲಲ್ಲಿ ಮೊದಲೇ ಮಾಡಿಟ್ಟಿತ್ತು.

ಬೀಸುವಾಗ ಏನಾಗುತ್ತದೆ?

ಕೋಲನ್ನು ಹಿಂದಕ್ಕೆ ಎತ್ತಿ ಕೆಳಗೆ ಬೀಸಲು ಶುರುಮಾಡಿದಾಗ ಕೈ ಮುಂದೆ ಹೊರಡುತ್ತದೆ, ತಲೆಯ ಭಾರ ಹಿಂದೆ ಉಳಿಯಲು ನೋಡುತ್ತದೆ. ಆಗ ಶಾಫ್ಟ್ ಹಿಂದಕ್ಕೆ ಬಾಗುತ್ತದೆ. ಚೆಂಡಿನ ಹತ್ತಿರ ಬರುವಾಗ ಅದು ನೆಟ್ಟಗಾಗಿ, ಸ್ವಲ್ಪ ಮುಂದಕ್ಕೂ ಬಾಗುತ್ತದೆ. ಈ ಮುಂಬಾಗಿನಿಂದ ತಲೆಯ ಮುಖ ಕೊಂಚ ಮೇಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡು ಎತ್ತರಕ್ಕೆ ಏಳುತ್ತದೆ. ತಲೆ ಚೆಂಡಿಗೆ ತಾಗಿರುವ ಕಾಲ ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು. ಕಣ್ಣು ಮಿಟುಕಿಸಲು ಅದರ ಇನ್ನೂರು ಪಟ್ಟು ಕಾಲವಾದರೂ ಬೇಕು. ಅಷ್ಟರಲ್ಲಿ ಶಾಫ್ಟ್ ಏನೂ ಮಾಡಲಾರದು. ಅದರ ಕೆಲಸವೆಲ್ಲ ಮೊದಲೇ ಮುಗಿದಿರುತ್ತದೆ: ತಲೆಯನ್ನು ಸರಿಯಾದ ಹೊತ್ತಿಗೆ, ಸರಿಯಾದ ಮುಖದಲ್ಲಿ ಚೆಂಡಿನ ಹತ್ತಿರ ತರುವುದು.

ಬೀಸುವ ವೇಗಕ್ಕೆ ಹೋಲಿಸಿದರೆ ಶಾಫ್ಟ್ ತೀರ ಬಿರುಸಾಗಿದ್ದರೆ ಮುಂಬಾಗು ಸಾಲದೆ ಚೆಂಡು ತಗ್ಗಾಗಿ, ಬಲಗೈಯವರಿಗೆ ಬಲಕ್ಕೆ ಹೋಗುವುದು ಹೆಚ್ಚು. ತೀರ ಬಳುಕಿದರೆ ಎತ್ತರಕ್ಕೆದ್ದು ಎಡಕ್ಕೆ ತಿರುಗುತ್ತದೆ. ಇದು ಒಲವು ಮಾತ್ರ, ಕಟ್ಟಳೆಯಲ್ಲ. ಚೆಂಡು ಬಲಕ್ಕೆ ಹೋದದ್ದಕ್ಕೆಲ್ಲ ಶಾಫ್ಟನ್ನು ದೂರಿದರೆ ಅಂಗಡಿಯವನಿಗೆ ಲಾಭ.

ಬಿರುಸನ್ನು ತಿಳಿಸಲು ಶಾಫ್ಟಿನ ಮೇಲೆ ಅಕ್ಷರಗಳನ್ನು ಒತ್ತಿರುತ್ತಾರೆ. ತೀರ ಬಳುಕುವುದು 'ಎಲ್', ನಂತರ 'ಎ', ನಡುವೆ 'ಆರ್', ಅದಕ್ಕಿಂತ ಬಿರುಸು 'ಎಸ್', ಕೊನೆಗೆ 'ಎಕ್ಸ್'. ಡ್ರೈವರ್ ಎಂಬ ಉದ್ದ ಕೋಲನ್ನು ಗಂಟೆಗೆ 120 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಬೀಸುವವರಿಗೆ 'ಎಲ್', 135ರವರೆಗೆ 'ಎ', 150ರ ಆಸುಪಾಸಿನವರೆಗೆ 'ಆರ್', 170ರವರೆಗೆ 'ಎಸ್', ಅದರಾಚೆ 'ಎಕ್ಸ್' ಎಂಬುದು ಸ್ಥೂಲ ಲೆಕ್ಕ. ಹವ್ಯಾಸಿ ಗಂಡಸರ ಸರಾಸರಿ ವೇಗ 150ರ ಹತ್ತಿರ. ಅಮೆರಿಕದ ವೃತ್ತಿಪರರದು 185ರ ಹತ್ತಿರ. ಅಳೆಯುವ ಯಂತ್ರವಿಲ್ಲದಿದ್ದರೆ ಚೆಂಡು ಬಿದ್ದ ಜಾಗಕ್ಕೆ ಹೆಜ್ಜೆ ಹಾಕಿದರೂ ಅಂದಾಜು ಸಿಗುತ್ತದೆ. ಗಾಳಿಯಲ್ಲಿ ಅದು ಕ್ರಮಿಸುವ ದೂರ ಸುಮಾರು 180ರಿಂದ 220 ಮೀಟರ್ ಆದರೆ 'ಆರ್' ನೋಡಬಹುದು.

ನೋಡಬಹುದು ಎಂದಷ್ಟೇ ಹೇಳಲು ಕಾರಣವಿದೆ. ಈ ಅಕ್ಷರಗಳಿಗೆ ಜಗತ್ತಿನಲ್ಲಿ ಒಂದೇ ಅಳತೆಗೋಲು ಇಲ್ಲ. ಒಂದು ಕಂಪೆನಿಯ 'ಆರ್' ಇನ್ನೊಂದರ 'ಎಸ್'ನಷ್ಟು ಬಿರುಸಾಗಿರಬಹುದು. ಸಿದ್ಧ ಉಡುಪಿನ 'ಮೀಡಿಯಂ' ಒಂದೊಂದು ಅಂಗಡಿಯಲ್ಲಿ ಒಂದೊಂದು ಅಳತೆ ಇರುವಂತೆ ಇದು. ಇದರ ಮೇಲೆ ಗಂಡಸರ ಒಣ ಪ್ರತಿಷ್ಠೆಯೂ ಸೇರಿಕೊಳ್ಳುತ್ತದೆ. 'ಎ' ಶಾಫ್ಟ್ ಹಿಡಿದರೆ ಮುದುಕ ಎಂದಾರು ಎಂಬ ಅಳುಕಿನಿಂದ 'ಎಸ್' ಕೊಂಡು ಭುಜ ನೋಯಿಸಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಇಂಥವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯುವುದು ಒಳ್ಳೆಯದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಅವರು ನಾಲ್ಕನೆಯವರಾದರು, ಕಂಚಿಗೆ ಒಂದೇ ಹೊಡೆತ ಕಡಿಮೆ. ದೂರವೊಂದೇ ಆಟವಾಗಿದ್ದರೆ ಅವರು ಆ ಜಾಗದ ಹತ್ತಿರವೂ ಇರುತ್ತಿರಲಿಲ್ಲ.

ತೂಕ ಮೊದಲು

ಅಕ್ಷರಕ್ಕಿಂತ ಮೊದಲು ನೋಡಬೇಕಾದದ್ದು ತೂಕ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೊಂದೇ. ಕಬ್ಬಿಣದ ತಲೆಯ ಕೋಲುಗಳಿಗೆ ಹಾಕುವ ಉಕ್ಕಿನ ಶಾಫ್ಟು 90ರಿಂದ 130 ಗ್ರಾಂ ತೂಗುತ್ತದೆ. ಡ್ರೈವರಿಗೆ ಹಾಕುವ ಗ್ರಾಫೈಟ್ ಶಾಫ್ಟು 40ರಿಂದ 80 ಗ್ರಾಂ. ಅಷ್ಟು ಸಣ್ಣ ವ್ಯತ್ಯಾಸವೇ ಎನ್ನಬೇಡಿ. ಒಂದು ಸುತ್ತಿನ ಆಟಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ, ಅಭ್ಯಾಸದಲ್ಲಿ ದಿನಕ್ಕೆ ನೂರಾರು ಬಾರಿ ಬೀಸಬೇಕು. ಹೊತ್ತು ಕಳೆದಂತೆ ಮೂವತ್ತು ಗ್ರಾಂ ಮುನ್ನೂರು ಗ್ರಾಂ ಆಗುತ್ತದೆ. ಟ್ರೂ ಟೆಂಪರಿನ ಡೈನಮಿಕ್ ಗೋಲ್ಡ್ ಎಂಬ ಹೆಸರಾಂತ ಉಕ್ಕಿನ ಶಾಫ್ಟು ಸುಮಾರು 130 ಗ್ರಾಂ. ಜಪಾನಿನ ನಿಪ್ಪಾನ್ ಕಂಪೆನಿಯ 950 ಎಂಬ ಉಕ್ಕಿನದೇ ಶಾಫ್ಟು ನೂರು ಗ್ರಾಂಗೂ ಕಡಿಮೆ. ಎರಡೂ ಉಕ್ಕೇ. ಹಗುರ ಬೇಕೆಂದರೆ ಗ್ರಾಫೈಟೇ ಆಗಬೇಕು, ಅದಕ್ಕೆ ದುಡ್ಡು ಸುರಿಯಬೇಕು ಎಂಬ ನಂಬಿಕೆ ಇಲ್ಲಿ ಕಳಚಿಬೀಳುತ್ತದೆ.

ದುಡ್ಡಿನ ಮಾತಿಗೆ ಬಂದರೆ, ಹೆಸರಾಂತ ಗ್ರಾಫೈಟ್ ಶಾಫ್ಟ್ ಒಂದರ ಬೆಲೆಯೇ ಅಮೆರಿಕದಲ್ಲಿ 300 ಡಾಲರ್ ದಾಟುವುದುಂಟು. ಉಕ್ಕಿನ ಸಾಧಾರಣ ಶಾಫ್ಟು ಅದರ ಹತ್ತರಲ್ಲಿ ಒಂದು ಪಾಲಿಗೆ ಸಿಗುತ್ತದೆ. ಹತ್ತು ಪಟ್ಟು ಬೆಲೆಗೆ ಹತ್ತು ಪಟ್ಟು ಗುಣವಿರುವುದಿಲ್ಲ. ಬೆಲೆ ಏರುವುದು ಬಹುಪಾಲು ಸಣ್ಣ ಸಣ್ಣ ನಾಜೂಕಿಗೆ, ಟಿ.ವಿ.ಯಲ್ಲಿ ಕಂಡ ಆಟಗಾರನ ಹೆಸರಿಗೆ. ಗಂಟೆಗೆ 185 ಕಿ.ಮೀ. ಬೀಸುವವನಿಗೆ ಆ ನಾಜೂಕು ಬೇಕಾದೀತು. ಶಾಫ್ಟು ಎಲ್ಲಿ ಹೆಚ್ಚು ಬಾಗುತ್ತದೆ, ಎಷ್ಟು ಡಿಗ್ರಿ ತಿರುಚಿಕೊಳ್ಳುತ್ತದೆ ಎಂಬ ವಿವರಗಳೂ ಪಟ್ಟಿಯಲ್ಲಿರುತ್ತವೆ. ಹೊಸಬರು ಅವನ್ನು ಸದ್ಯಕ್ಕೆ ಬದಿಗಿಟ್ಟರೆ ನಷ್ಟವೇನಿಲ್ಲ.

ಹಳೆಯ ಕೋಲು ಕೊಳ್ಳುವವರು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಜೊತೆಗೆ ಒಯ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಕಬ್ಬಿಣದ ಕೋಲುಗಳಲ್ಲಿ ನಂಬರು ಏರಿದಂತೆ ಉದ್ದ ಕಡಿಮೆ, ತೂಕ ಹೆಚ್ಚು. 5ರಿಂದ 6ಕ್ಕೆ, 6ರಿಂದ 7ಕ್ಕೆ ಸುಮಾರು ಐದರಿಂದ ಎಂಟು ಗ್ರಾಂ ಏರುತ್ತ ಹೋಗಬೇಕು. ನಡುವೆ ಒಂದು ಕೋಲು ಹಠಾತ್ತನೆ ಮೂವತ್ತು ಗ್ರಾಂ ಜಾಸ್ತಿ ಇಲ್ಲವೇ ಕಡಿಮೆ ತೂಗಿದರೆ ಅದರ ಶಾಫ್ಟು ಎಂದೋ ಮುರಿದು ಬೇರೆ ಹಾಕಿದ್ದಾರೆಂದು ತಿಳಿಯಬೇಕು. ಬಿರುಸನ್ನು ಹೋಲಿಸಲು ಇನ್ನೊಂದು ಉಪಾಯವಿದೆ. ಹಿಡಿಯ ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಬಿಗಿದು, ತಲೆಯನ್ನು ಕೆಳಕ್ಕೆ ಎಳೆದು ಬಿಟ್ಟರೆ ಕೋಲು ತೂಗಾಡುತ್ತದೆ. ಡ್ರೈವರಾದರೆ ನಿಮಿಷಕ್ಕೆ 250ರ ಆಸುಪಾಸಿನ ತೂಗಾಟ. ಬಿರುಸಾದದ್ದು ಬೇಗ ಬೇಗ, ಬಳುಕುವುದು ನಿಧಾನ. ಬರಿಗಣ್ಣಿಗೆ ಎಣಿಸಲಾಗದು, ಮೊಬೈಲಿನ ನಿಧಾನ ಚಿತ್ರಣದಲ್ಲಿ ಎರಡು ಕೋಲುಗಳನ್ನು ಹೋಲಿಸಬಹುದು. ಬಾಬಿ ಜೋನ್ಸರ ಕೋಲುಗಳನ್ನು ಪರೀಕ್ಷಿಸಿದ್ದೂ ತತ್ತ್ವದಲ್ಲಿ ಇದೇ ರೀತಿ.

ನಂತರ ಕಣ್ಣಿನ ಪರೀಕ್ಷೆ. ಬಡಿಗ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ ಶಾಫ್ಟಿನ ಉದ್ದಕ್ಕೂ ನೋಡಬೇಕು. ಉಕ್ಕಾದರೆ ಡೊಂಕು, ತುಕ್ಕಿನ ಗುಳಿ. ಮೇಲಿನ ತುಕ್ಕನ್ನು ಉಜ್ಜಿ ತೆಗೆಯಬಹುದು, ಗುಳಿ ಬಿದ್ದಿದ್ದರೆ ಬೇಡ. ಗ್ರಾಫೈಟಾದರೆ ಚೀಲದ ಬಾಯಿಗೆ ಉಜ್ಜುವ ಜಾಗ ಮತ್ತು ತಲೆ ಸೇರುವ ಜಾಗದಲ್ಲಿ ಉಗುರಾಡಿಸಿ ನೋಡಬೇಕು. ಬಣ್ಣದ ಗೀರು ಬೇರೆ, ನಾರಿನ ಸೀಳು ಬೇರೆ. ಉಗುರು ಸಿಕ್ಕಿಬಿದ್ದರೆ ಬಿಟ್ಟುಬಿಡುವುದು ಲೇಸು. ಉಕ್ಕು ಬಗ್ಗಿ ಎಚ್ಚರಿಕೆ ಕೊಡುತ್ತದೆ, ಗ್ರಾಫೈಟು ಹೇಳದೆ ಕೇಳದೆ ಮುರಿಯುತ್ತದೆ.

ಉದ್ದದ ಬಗ್ಗೆ ಅನಗತ್ಯ ಭಯವಿದೆ. ಕುಳ್ಳಗಿರುವವರಿಗೆ ಕೋಲು ಕತ್ತರಿಸಲೇಬೇಕೆಂದು ತಿಳಿಯುತ್ತಾರೆ. ಕುಳ್ಳಗಿರುವವರ ತೋಳೂ ಸಾಮಾನ್ಯವಾಗಿ ಚಿಕ್ಕದು, ಆದ್ದರಿಂದ ಮಣಿಕಟ್ಟಿನಿಂದ ನೆಲಕ್ಕಿರುವ ಅಂತರದಲ್ಲಿ ಅಂಥ ವ್ಯತ್ಯಾಸ ಬರುವುದಿಲ್ಲ. ಬೂಟು ಹಾಕಿ ನೆಟ್ಟಗೆ ನಿಂತು ಅಳೆದಾಗ ಅದು 34ರಿಂದ 36 ಅಂಗುಲವಿದ್ದರೆ ಅಂಗಡಿಯ ಸಾಮಾನ್ಯ ಉದ್ದವೇ ಬಹುಮಟ್ಟಿಗೆ ಸಾಕು. ಕತ್ತರಿಸಲೇಬೇಕಾದರೆ ಹಿಡಿಯ ಕಡೆಯಿಂದ ಅರ್ಧ ಅಂಗುಲದಂತೆ ಕತ್ತರಿಸಿ ನೋಡುತ್ತ ಹೋಗಬೇಕು. ಕತ್ತರಿಸಿದಷ್ಟೂ ತಲೆಯ ಭಾರ ಕೈಗೆ ಕಡಿಮೆ ಅನ್ನಿಸುತ್ತದೆ, ಶಾಫ್ಟು ತುಸು ಬಿರುಸಾಗುತ್ತದೆ.

ಮಕ್ಕಳ ವಿಷಯ ಬೇರೆ. ಅಪ್ಪನ ಉಕ್ಕಿನ ಕೋಲನ್ನು ಅರ್ಧಕ್ಕೆ ಕತ್ತರಿಸಿ ಮಗುವಿಗೆ ಕೊಡುವುದು ಹಿಂದಿನಿಂದ ನಡೆದು ಬಂದದ್ದು. ಟೈಗರ್ ವುಡ್ಸ್ ಕೂಡ ಹಾಗೆಯೇ ಶುರುಮಾಡಿದರು ಎಂದು ವಾದಿಸಬಹುದು. ಆದರೆ ಹಾಗೆ ಕತ್ತರಿಸಿದ ಕೋಲು ಕಬ್ಬಿಣದ ಸಲಾಕೆಯಂತೆ ಬಿರುಸಾಗುತ್ತದೆ, ತಲೆಯ ಭಾರವಂತೂ ದೊಡ್ಡವರದೇ. ಚಿನ್ನಿದಾಂಡಿಗೆ ಒನಕೆ ಹಿಡಿದಂತೆ. ಅದರ ಬದಲು ಹೆಂಗಸರಿಗೆಂದು ಮಾಡಿದ 'ಎಲ್' ಗ್ರಾಫೈಟ್ ಕೋಲೊಂದನ್ನು ಹಳೆಯದರಲ್ಲಿ ಹುಡುಕಿ ಚಿಕ್ಕದು ಮಾಡಿಕೊಟ್ಟರೆ ಹುಡುಗನ ಮಣಿಕಟ್ಟು ಉಳಿಯುತ್ತದೆ. ಹುಡುಗಿಯರ ಕೋಲು ಎಂದು ಗೆಳೆಯರು ಗೇಲಿ ಮಾಡುತ್ತಾರೆನ್ನುವುದಾದರೆ ಹಿಡಿಯ ಬಣ್ಣ ಬದಲಿಸಿದರಾಯಿತು.

ಹದಿನಾಲ್ಕು ಕೋಲು ಎಂಬುದು ಮೇಲಿನ ಮಿತಿಯೇ ಹೊರತು ಕಡ್ಡಾಯವಲ್ಲ. ಕಲಿಯುವವರಿಗೆ ಏಳು ಧಾರಾಳ. ಉದ್ದ ಹೊಡೆತಕ್ಕೆ ಒಂದು, ಅದಕ್ಕೂ ಕಬ್ಬಿಣದ ಕೋಲಿಗೂ ನಡುವಿನದೊಂದು, ಕಬ್ಬಿಣದಲ್ಲಿ 5, 7, 9, ಮರಳಿನಿಂದ ಎತ್ತಲು ಒಂದು, ಗುಳಿಗೆ ತಳ್ಳುವ ಪಟರ್ ಒಂದು. ಉಳಿದ ಹಣದಲ್ಲಿ ಈ ಏಳಕ್ಕೂ ಒಂದೇ ತೂಕದ ವರ್ಗದ ಶಾಫ್ಟು ಹೊಂದಿಸಿಕೊಂಡರೆ, ಹೊಂದದ ಹದಿನಾಲ್ಕಕ್ಕಿಂತ ಮೇಲು. ಇನ್ನೂ ಅಗ್ಗದ ಸುಧಾರಣೆಯೆಂದರೆ ಹಿಡಿ ಬದಲಿಸುವುದು. ಸವೆದು ಜಾರುವ ಹಿಡಿಯನ್ನು ಬಿಗಿಯಾಗಿ ಹಿಡಿಯಲು ಹೋಗಿ ತೋಳು ಸೆಟೆದುಕೊಳ್ಳುತ್ತದೆ. ಎಷ್ಟೋ ಸಲ ಶಾಫ್ಟಿನ ಮೇಲೆ ಹೊರಿಸುವ ದೋಷ ಆ ರಬ್ಬರಿನದಾಗಿರುತ್ತದೆ.

ತಲೆ ಚೆನ್ನಾಗಿದ್ದು ಶಾಫ್ಟು ಮಾತ್ರ ಬದಲಿಸಬೇಕಾದರೆ ಅದು ಕೈಕೆಲಸ ಬಲ್ಲವರು ಮಾಡುವಂಥದ್ದೇ. ತಲೆಯ ಕುತ್ತಿಗೆಯ ತೂತಿಗೂ ಶಾಫ್ಟಿನ ತುದಿಗೂ ಅಳತೆ ಹೊಂದಬೇಕು. ಡ್ರೈವರುಗಳಲ್ಲಿ ತುದಿ ಸಾಮಾನ್ಯವಾಗಿ 8.5 ಮಿ.ಮೀ., ಕಬ್ಬಿಣದ ಕೋಲುಗಳಲ್ಲಿ 9 ಇಲ್ಲವೇ 9.4. ಈ ಅರ್ಧ ಮಿಲಿಮೀಟರನ್ನು ಕೇಳದೆ ಶಾಫ್ಟು ತರಿಸಿಕೊಂಡು ಪೇಚಾಡುವವರಿದ್ದಾರೆ. ಹಳೆಯ ಅಂಟು ಬಿಡಲು ಕುತ್ತಿಗೆಯನ್ನು ಕಾಯಿಸುತ್ತಾರೆ. ಉಕ್ಕಿನ ಶಾಫ್ಟನ್ನು ತಿರುಚಿ ತೆಗೆಯಬಹುದು. ಗ್ರಾಫೈಟನ್ನು ತಿರುಚಿದರೆ ನಾರು ಹರಿಯುತ್ತದೆ, ಅದನ್ನು ಉಳಿಸಬೇಕೆಂದರೆ ನೇರವಾಗಿ ಎಳೆಯುವ ಸಲಕರಣೆ ಬೇಕು. ಗುದ್ದಲಿಯ ಕಾವಿಗೆ ಬೆಣೆ ಹೊಡೆದಂತೆ ಇಲ್ಲಿ ಹೊಡೆಯುವಂತಿಲ್ಲ, ಎಪಾಕ್ಸಿ ಅಂಟೇ ಗತಿ. ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಅಂಟು ಹಚ್ಚಿ ಕೂರಿಸಿ, ನೇರ ನೋಡಿ, ಒಂದು ದಿನ ಒಣಗಲು ಬಿಡಬೇಕು. ಸಂಜೆಯೇ ಆಡುವ ಅವಸರವಾದರೆ ಕೋಲಿನ ತಲೆ ಚೆಂಡಿಗಿಂತ ಮುಂದೆ ಹಾರಿ ಹೋಗುತ್ತದೆ.